ಉತ್ತರಾಧಿಕಾರವಿಲ್ಲದ ಉಪಪ್ರಾಚಾರ್ಯತ್ವ: ಸಂಯುಕ್ತ ಪದವಿಪೂರ್ವ ಕಾಲೇಜಿನ ಒಂದು ಹುದ್ದೆಯ ಪುನರ್ವಿಚಾರ

ಶಾಲಾಡಳಿತವನ್ನು ಕುರಿತು ಇದುವರೆಗೆ ಬೆಳೆದುಬಂದಿರುವ ಗ್ರಂಥರಾಶಿಯಲ್ಲಿ ಮುಖ್ಯೋಪಾಧ್ಯಾಯನಿಗೆ ಸಂದ ಗಮನದ ದಶಾಂಶವೂ ಅವನ ಪಕ್ಕದಲ್ಲಿ ಕುಳಿತ ಎರಡನೆಯ ಅಧಿಕಾರಿಗೆ ಸಂದಿಲ್ಲವೆಂಬುದು ಈ ವಿಷಯದಲ್ಲಿ ಪರಿಶ್ರಮವುಳ್ಳವರೆಲ್ಲ ಒಪ್ಪಿರುವ ಮಾತು. ನಮ್ಮ ಶಾಸನಗಳ ರೀತಿಯೂ ಅದೇ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಐದನೆಯ ಇಯತ್ತೆಯವರೆಗಿನ ಶಾಲೆಯಲ್ಲಿ 150ಕ್ಕೆ ಮಿಕ್ಕಿ ಮಕ್ಕಳಿದ್ದರೂ, ಆರರಿಂದ ಎಂಟರವರೆಗಿನ ಶಾಲೆಯಲ್ಲಿ 100ಕ್ಕೆ ಮಿಕ್ಕಿದ್ದರೂ ಮುಖ್ಯ ಶಿಕ್ಷಕನೊಬ್ಬನು ಇರತಕ್ಕದ್ದೆಂದು ವಿಧಿಸುತ್ತದೆ. ಅವನಿಗೊಬ್ಬ ಸಹಾಯಕ ಬೇಕೆಂಬ ಮಾತು ಅಲ್ಲಿ ಇಲ್ಲ. ಅಮೆರಿಕೆಯಲ್ಲಿ ಆಸ್ಟಿನ್ ಮತ್ತು ಬ್ರೌನ್ 1970ರಲ್ಲಿ ಪ್ರಕಟಿಸಿದ ವರದಿಯಿಂದ ಮೊದಲುಗೊಂಡು ನಡೆದ ವಿಚಾರವು ಸ್ಥೂಲವಾಗಿ ಒಂದೇ ಚಿತ್ರವನ್ನು ಕೊಡುತ್ತದೆ: ಸಹಾಯಕ ಪ್ರಾಚಾರ್ಯನ ಪಾಲಿಗೆ ಬರುವುದು ಶಿಸ್ತು ಮತ್ತು ಹಾಜರಿ, ಅವನ ಕರ್ತವ್ಯಗಳಿಗೆ ಖಚಿತವಾದ ಎಲ್ಲೆಯಿಲ್ಲ, ಪ್ರಾಚಾರ್ಯನು ಬಿಟ್ಟುಕೊಟ್ಟದ್ದೇ ಅವನ ಕ್ಷೇತ್ರ. ಇಷ್ಟರಮಟ್ಟಿಗೆ ವಾದವಿಲ್ಲ.

ವಾದವಿರುವುದು ಈ ಚಿತ್ರದ ಒಂದು ಮೂಲೆಯಲ್ಲಿ. 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕ್ಯಾಥರೀನ್ ಮಾರ್ಷಲ್ ಅವರು ಈ ಹುದ್ದೆಯನ್ನು ಆಡಳಿತ ಜೀವನದ ಪ್ರವೇಶದ್ವಾರವೆಂದು ಗ್ರಹಿಸಿದ್ದಾರೆ. ಶಿಕ್ಷಕನು ಶಿಕ್ಷಕರ ಬಳಗವನ್ನು ಬಿಟ್ಟು ಆಡಳಿತಗಾರರ ಬಳಗಕ್ಕೆ ಸೇರುವಾಗ ಅನುಭವಿಸುವ ಇಬ್ಬಂದಿತನ, ಮೇಲಿನವರ ಮೆಚ್ಚಿಕೆಗಾಗಿ ಅವನು ಕಲಿಯಬೇಕಾಗುವ ಸಂಯಮ, ಬಡ್ತಿ ದೊರೆಯದೆ ಅಲ್ಲಿಯೇ ಉಳಿದವನ ಮನಃಸ್ಥಿತಿ ಇವೆಲ್ಲವನ್ನೂ ಅವರು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಆ ವಿವೇಚನೆಯ ಹಿಂದೆ, ಎಲ್ಲಿಯೂ ಪ್ರಶ್ನೆಗೆ ಒಳಗಾಗದೆ, ಒಂದು ಗೃಹೀತವಿದೆ: ಸಹಾಯಕನು ಇಂದಲ್ಲ ನಾಳೆ ಪ್ರಾಚಾರ್ಯನ ಕುರ್ಚಿಗೆ ಹಕ್ಕುದಾರನಾಗಬಲ್ಲ ವ್ಯಕ್ತಿ. ಈ ಗೃಹೀತವನ್ನು ನಮ್ಮಲ್ಲಿಯ ತರಬೇತಿ ಪಾಠಗಳೂ ಭಾಷಣಗಳೂ ಹಾಗೆಯೇ ಎತ್ತಿಕೊಂಡು, ಉಪಪ್ರಾಚಾರ್ಯನಿಗೆ ಇರಬೇಕಾದ ಗುಣಗಳೆಂದರೆ ನಾಳಿನ ಪ್ರಾಚಾರ್ಯನಿಗೆ ಬೇಕಾದ ಗುಣಗಳ ಎಳಸು ರೂಪವೆಂಬಂತೆ ಬೋಧಿಸುತ್ತಿರುವುದನ್ನು ಕಾಣುತ್ತೇವೆ. ಕರ್ನಾಟಕದ ಸರ್ಕಾರಿ ಸಂಯುಕ್ತ ಪದವಿಪೂರ್ವ ಕಾಲೇಜುಗಳ ಮಟ್ಟಿಗೆ ಈ ಗೃಹೀತ ನಿಲ್ಲುವುದಿಲ್ಲವೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದ್ಯ.

ನಮ್ಮಲ್ಲಿ ಈ ಹುದ್ದೆ ಹುಟ್ಟಿದ್ದು ಒಂದು ಶಾಲೆಯ ಗಾತ್ರ ಹೆಚ್ಚಿದುದರಿಂದಲ್ಲ, ಎರಡು ಶಾಲೆಗಳು ಒಂದೇ ಆವರಣದಲ್ಲಿ ಕೂಡಿದುದರಿಂದ. 1970ರ ದಶಕದಿಂದೀಚೆಗೆ, ಎರಡು ವರ್ಷಗಳ ಪಿ.ಯು.ಸಿ. ವ್ಯಾಸಂಗಕ್ರಮವು ರೂಢವಾದಂತೆ, ಮೊದಲೇ ನೆಲೆಯೂರಿದ್ದ ಅನೇಕ ಸರ್ಕಾರಿ ಪ್ರೌಢಶಾಲೆಗಳ ಮೇಲೆ ಪಿ.ಯು. ತರಗತಿಗಳನ್ನು ಕೂಡಿಸಿ ಜೂನಿಯರ್ ಕಾಲೇಜುಗಳನ್ನು ಮಾಡಲಾಯಿತು. ಆಗ ಸಂಸ್ಥೆಗೆ ಪ್ರಾಚಾರ್ಯನೂ, ಎಂಟರಿಂದ ಹತ್ತನೆಯ ಇಯತ್ತೆಯವರೆಗಿನ ಪ್ರೌಢಶಾಲಾ ವಿಭಾಗಕ್ಕೆ ಉಪಪ್ರಾಚಾರ್ಯನೂ ಏರ್ಪಟ್ಟರು. ಮೊದಲನೆಯವನು ಉಪನ್ಯಾಸಕ ವರ್ಗದಿಂದ ಬಡ್ತಿ ಪಡೆದು ಬಂದವನು. ಎರಡನೆಯವನು ಪ್ರೌಢಶಾಲಾ ಶಿಕ್ಷಕವರ್ಗದಿಂದ ಬಂದವನು, ಮುಖ್ಯೋಪಾಧ್ಯಾಯನ ಸಮಾನದರ್ಜೆಯವನು. ಎರಡನೆಯವನ ಮುಂದಿನ ಮೆಟ್ಟಿಲು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ ಅಥವಾ ಅದಕ್ಕೆ ಸರಿಸಮನಾದ ಬೇರೊಂದು ಕಚೇರಿ. ಹತ್ತು ಹೆಜ್ಜೆ ದೂರದಲ್ಲಿರುವ ಪ್ರಾಚಾರ್ಯರ ಕೊಠಡಿಗೆ ಆ ಮೆಟ್ಟಿಲುಗಳು ಹೋಗುವುದೇ ಇಲ್ಲ.

ಧಾರವಾಡದ ಸಪ್ತಾಪುರದಲ್ಲಿ ವಾಸಿಸುವವನಿಗೆ ಈ ಸಂಗತಿ ಗ್ರಂಥಗಳಿಂದ ತಿಳಿಯಬೇಕಾದದ್ದಲ್ಲ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ನೆರೆಯ ಈ ಬಡಾವಣೆ ಇಂದು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಂದಲೂ, ಅವನ್ನು ನೆಚ್ಚಿ ಬಂದ ತರುಣರ ರೂಮು, ಖಾನಾವಳಿ, ಝೆರಾಕ್ಸ್ ಅಂಗಡಿಗಳಿಂದಲೂ ತುಂಬಿದೆ. ಚಹದಂಗಡಿಯ ಮುಂದೆ ನಿಂತವರ ಬಾಯಲ್ಲಿ ಯಾವ ಹುದ್ದೆಯಿಂದ ಯಾವ ಹುದ್ದೆಗೆ ದಾರಿಯಿದೆ, ಯಾವ ವೃಂದದಲ್ಲಿ ಬಡ್ತಿ ಬೇಗ ಎಂಬ ಚರ್ಚೆ ಎಷ್ಟು ನಿಷ್ಕೃಷ್ಟವಾಗಿ ನಡೆಯುತ್ತದೆಂದರೆ, ಆಡಳಿತಶಾಸ್ತ್ರದ ಪ್ರಾಧ್ಯಾಪಕರೂ ಒಮ್ಮೆ ನಿಂತು ಕೇಳಬಹುದು.

ಇಲ್ಲಿ ಪ್ರಬಲವಾದ ಒಂದು ಆಕ್ಷೇಪವನ್ನು ಎದುರಿಸಬೇಕು. ಉಪಪ್ರಾಚಾರ್ಯನೆಂದರೆ ಹೆಸರು ಬದಲಿಸಿದ ಮುಖ್ಯೋಪಾಧ್ಯಾಯನಷ್ಟೆ. ಎರಡೂ ಒಂದೇ ದರ್ಜೆಯವಾದುದರಿಂದ ಈ ವರ್ಷ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದವನು ವರ್ಗಾವಣೆಯಲ್ಲಿ ಮುಂದಿನ ವರ್ಷ ಪಟ್ಟಣದ ಕಾಲೇಜಿನಲ್ಲಿ ಉಪಪ್ರಾಚಾರ್ಯನಾಗಬಹುದು. ಶಿಕ್ಷಕರು ಅವನನ್ನು ಅಲ್ಲಿಯೂ ‘ಎಚ್.ಎಂ. ಸರ್’ ಎಂದೇ ಕರೆಯುತ್ತಾರೆ, ಎಸ್.ಎಸ್.ಎಲ್.ಸಿ. ಫಲಿತಾಂಶ ಕುಸಿದರೆ ಕಾರಣ ಕೇಳಿ ಬರುವ ನೋಟೀಸು ಅವನಿಗೇ ಬರುತ್ತದೆ. ಹೀಗಿರುವಲ್ಲಿ ಮಾರ್ಷಲ್ ಅವರ ಸಹಾಯಕ ಪ್ರಾಚಾರ್ಯನೊಡನೆ ಇವನನ್ನು ಹೋಲಿಸುವುದೇ ಅಸಂಗತ, ಎಂದು ವಾದಿಸಬಹುದು. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಅದು ಕಾಗದದ ಮೇಲಿನ ಸತ್ಯ. ಸ್ವತಂತ್ರ ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಿಗೆ ಆವರಣದೊಳಗೆ ಮೇಲಧಿಕಾರಿಯಿಲ್ಲ. ಉಪಪ್ರಾಚಾರ್ಯನಿಗಾದರೋ ಪಾಠಪ್ರವಚನದ ಲೆಕ್ಕವನ್ನು ಒಪ್ಪಿಸಲು ಕ್ಷೇತ್ರ ಶಿಕ್ಷಣಾಧಿಕಾರಿ ಹೊರಗಿದ್ದಾನೆ, ಕಟ್ಟಡ, ಮೈದಾನ, ನೀರು, ಗೇಟುಗಳ ವಿಷಯದಲ್ಲಿ ಕೇಳಿಕೊಳ್ಳಲು ಪ್ರಾಚಾರ್ಯನು ಒಳಗಿದ್ದಾನೆ. ಆ ಪ್ರಾಚಾರ್ಯನಾದರೋ ಪದವಿಪೂರ್ವ ವಿಭಾಗದ ಉಪನಿರ್ದೇಶಕರಿಗೆ ಉತ್ತರವಾದಿ. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು. ಪರೀಕ್ಷಾ ಮಂಡಳಿಗಳು 2022ರಲ್ಲಿ ಒಂದಾದವು. ಆವರಣದೊಳಗಣ ಈ ಎರಡು ಲೆಕ್ಕಗಳು ಅದರಿಂದ ಒಂದಾಗಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಇಂಥ ಆವರಣವೊಂದರಲ್ಲಿ ನಿಂತು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬಿಸಿಯೂಟವು ಹತ್ತನೆಯ ಇಯತ್ತೆಗೆ ನಿಲ್ಲುತ್ತದೆ. ಒಂಬತ್ತನೆಯ ಇಯತ್ತೆಯ ತಮ್ಮನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುವಾಗ, ಹೋದ ಮಾರ್ಚಿನವರೆಗೆ ಅದೇ ಸಾಲಿನಲ್ಲಿದ್ದ ಅವನ ಅಕ್ಕ, ಈಗ ಪ್ರಥಮ ಪಿ.ಯು.ಸಿ.ಯವಳಾದ್ದರಿಂದ, ಕಟ್ಟೆಯ ಮೇಲೆ ಕುಳಿತು ಮನೆಯಿಂದ ತಂದ ರೊಟ್ಟಿಯ ಡಬ್ಬಿ ಬಿಚ್ಚುತ್ತಾಳೆ; ಡಬ್ಬಿ ತಾರದ ದಿನ ಸುಮ್ಮನೆ ಕುಳಿತಿರುತ್ತಾಳೆ. ಬೆಳಿಗ್ಗೆ ಹಾಜರಿ ಎಣಿಸಿ ಅಡುಗೆಯವರಿಗೆ ಕಳಿಸಿದ ಸಂಖ್ಯೆಯಲ್ಲಿ ಅವಳಿಲ್ಲ, ಅಕ್ಕಿಯ ವಹಿಯಲ್ಲಿಯೂ ಇಲ್ಲ. ಪಾತ್ರೆಯಲ್ಲಿ ಸಾರು ಉಳಿದಿದೆ. ಅಡುಗೆಯ ಅಕ್ಕನವರು ಸೌಟನ್ನು ಹಿಡಿದುಕೊಂಡೇ ಉಪಪ್ರಾಚಾರ್ಯರ ಮುಖ ನೋಡುತ್ತಾರೆ. ವಹಿ ತನ್ನದು, ವಿದ್ಯಾರ್ಥಿನಿ ತನ್ನವಳಲ್ಲ. ಅವಳನ್ನು ಕರೆದರೆ ಲೆಕ್ಕಕ್ಕೆ ತಾನು ಹೊಣೆ, ಕರೆಯದಿದ್ದರೆ ಮೂರು ವರ್ಷ ತಾನೇ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿದ ಹುಡುಗಿ ಹಸಿದಿರುತ್ತಾಳೆ. ಸ್ವತಂತ್ರ ಮುಖ್ಯೋಪಾಧ್ಯಾಯನಿಗೆ ಈ ಪ್ರಶ್ನೆ ಬರುವುದೇ ಇಲ್ಲ; ಅಮೆರಿಕೆಯ ಸಹಾಯಕನು ಇಂಥ ಪ್ರಶ್ನೆ ಬಂದರೆ ಪ್ರಾಚಾರ್ಯನನ್ನು ಕೇಳುತ್ತಾನೆ. ನಮ್ಮ ಉಪಪ್ರಾಚಾರ್ಯನು ಮಾತ್ರ ಇದನ್ನು ತಾನೇ ತೀರ್ಮಾನಿಸಬೇಕು, ಮತ್ತು ಆ ತೀರ್ಮಾನವನ್ನು ಪ್ರಾಚಾರ್ಯನಿಗೆ ಅವಮಾನವಾಗದಂತೆ ತಿಳಿಸಬೇಕು.

ಇದರಿಂದ ನಾನು ತಲಪುವ ನಿರ್ಣಯವನ್ನು ಅಳುಕಿನಿಂದಲೇ ಮಂಡಿಸುತ್ತೇನೆ. ಕರ್ನಾಟಕದ ಉಪಪ್ರಾಚಾರ್ಯನು ಪ್ರಾಚಾರ್ಯನ ಭಾವೀ ಉತ್ತರಾಧಿಕಾರಿಯಲ್ಲದಿರುವುದರಿಂದಲೇ ಅವನ ಹುದ್ದೆಗೆ ಒಂದು ವಿಶಿಷ್ಟವಾದ ಸ್ವಾತಂತ್ರ್ಯ ಲಭಿಸಿದೆ. ಕುರ್ಚಿಯ ಆಸೆಯಿಲ್ಲದವನು ಆ ಕುರ್ಚಿಯಲ್ಲಿ ಕುಳಿತವನಿಗೆ ನಿಷ್ಠುರವಾದ ಮಾತನ್ನು ಹೇಳಬಲ್ಲನು, ಕೇಳುವವನೂ ಅದನ್ನು ಸ್ಪರ್ಧೆಯೆಂದು ತಿಳಿಯಬೇಕಾಗಿಲ್ಲ. ಇವರ ಸಂಬಂಧ ಅರಸು ಮತ್ತು ಯುವರಾಜರದಲ್ಲ, ಒಂದೇ ಬಾವಿಯಿಂದ ನೀರು ಸೇದುವ ಎರಡು ಮನೆಯವರದು. ಆದರೆ ಈ ಮಾತಿಗೆ ಹಲವು ಮಿತಿಗಳನ್ನು ಹಾಕಿಕೊಳ್ಳಬೇಕು. ಮೊದಲನೆಯದಾಗಿ, ಇದು ಸರ್ಕಾರಿ ಸಂಯುಕ್ತ ಕಾಲೇಜುಗಳಿಗೆ ಮಾತ್ರ ಅನ್ವಯಿಸುತ್ತದೆ; ವಿಭಾಗಗಳು ಬೇರ್ಪಟ್ಟು ಪ್ರೌಢಶಾಲೆಗೆ ಪುನಃ ಮುಖ್ಯೋಪಾಧ್ಯಾಯನೇ ಬಂದಿರುವಲ್ಲಿ ಪ್ರಶ್ನೆ ಉಳಿಯುವುದಿಲ್ಲ. ಖಾಸಗಿ ಪದವಿಪೂರ್ವ ಕಾಲೇಜುಗಳಲ್ಲಿ ಅದೇ ಹೆಸರಿನಿಂದ ಕರೆಸಿಕೊಳ್ಳುವವನನ್ನು ನೇಮಿಸುವುದೂ ಬಡ್ತಿ ಕೊಡುವುದೂ ಆಡಳಿತ ಮಂಡಳಿಯಾದುದರಿಂದ, ಅವನಿಗೆ ಮಾರ್ಷಲ್ ಅವರ ವಿವೇಚನೆಯೇ ಹೆಚ್ಚು ಒಪ್ಪೀತು. ಎರಡನೆಯದಾಗಿ, ಪ್ರೌಢಶಾಲಾ ಶಿಕ್ಷಕರಲ್ಲಿ ಕೆಲವರು ಉಪನ್ಯಾಸಕರಾಗಿ ಬಡ್ತಿ ಪಡೆಯುವ ಅವಕಾಶವುಂಟು, ಅಂಥವರು ಕಾಲಾನುಕ್ರಮದಲ್ಲಿ ಪ್ರಾಚಾರ್ಯರಾಗಬಹುದು; ಆದರೆ ಅವರು ಆ ದಾರಿ ಹಿಡಿಯುವುದು ಉಪಪ್ರಾಚಾರ್ಯತ್ವದ ಹೊಸ್ತಿಲನ್ನು ತುಳಿಯುವ ಮುನ್ನವೇ. ಮೂರನೆಯದಾಗಿ, ಸ್ವಾತಂತ್ರ್ಯವಿದ್ದ ಮಾತ್ರಕ್ಕೆ ಎಲ್ಲರೂ ಅದನ್ನು ಬಳಸುತ್ತಾರೆಂದು ನಾನು ಹೇಳುತ್ತಿಲ್ಲ. ನಿವೃತ್ತಿ ಸಮೀಪಿಸಿದಾಗ ಈ ಹುದ್ದೆಗೆ ಬಂದು, ಗೊಡವೆಯಿಲ್ಲದೆ ದಿನ ಕಳೆದವರೂ ಇದ್ದಾರೆ. ಬಡ್ತಿಯ ಹಾದಿ ಮುಚ್ಚಿರುವುದು ಒಬ್ಬನಿಗೆ ನಿರ್ಭೀತಿಯನ್ನು ಕೊಟ್ಟಂತೆ ಇನ್ನೊಬ್ಬನಿಗೆ ಔದಾಸೀನ್ಯವನ್ನೂ ಕೊಡಬಹುದು. ಯಾವುದು ಹೆಚ್ಚೆಂಬುದನ್ನು ನಿಯಮಾವಳಿಯನ್ನು ಮಾತ್ರ ಓದಿ ನಿರ್ಣಯಿಸುವುದು ಸಾಧುವಲ್ಲ.

ಇಂಥ ಸ್ಥಾನ ಧಾರವಾಡಕ್ಕೆ ತೀರ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ, ಮೇಲಿನ ಇನ್‌ಸ್ಪೆಕ್ಟರನ ಹುದ್ದೆಯಲ್ಲಿ ರಸೆಲ್ ಸಾಹೇಬನಂಥ ಐರೋಪ್ಯರು ಕುಳಿತಿದ್ದಾಗ, ಶಿಕ್ಷಣ ಖಾತೆಯ ಡೆಪ್ಯೂಟಿಯಾಗಿದ್ದ ಚನ್ನಬಸಪ್ಪನವರು ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಯಿಸಿದರು. ಜನ ಅವರ ಹುದ್ದೆಯನ್ನು ಹೆಸರಿನಿಂದ ಬೇರ್ಪಡಿಸಲೇ ಇಲ್ಲ. ಎರಡು ಕಾಲಗಳ ಆಡಳಿತವನ್ನು ಸಮೀಕರಿಸುವುದು ನನ್ನ ಉದ್ದೇಶವಲ್ಲ. ಎರಡನೆಯ ಸ್ಥಾನದಲ್ಲಿ ಕುಳಿತು, ಮೊದಲನೆಯ ಸ್ಥಾನವನ್ನು ಬಯಸದೆ, ಮೊದಲನೆಯವನ ಅಧಿಕಾರವನ್ನು ಸತ್ಕಾರ್ಯಕ್ಕೆ ತಿರುಗಿಸಿಕೊಳ್ಳುವುದು ಅಸಂಭವವಲ್ಲವೆಂಬುದಕ್ಕೆ ಈ ಉದಾಹರಣೆ ಸಾಕು.

ಹಾಗಾದರೆ ಗುಣಗಳ ಪಟ್ಟಿಯೂ ಬದಲಾಗಬೇಕಾಗುತ್ತದೆ. ನಾಯಕತ್ವ, ದೂರದೃಷ್ಟಿ ಇತ್ಯಾದಿಗಳನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ನಿತ್ಯ ಬೇಕಾದದ್ದು ನೆರೆಹೊರೆಯ ನೀತಿ. ವಾರ್ಷಿಕ ಪರೀಕ್ಷೆಯ ಕಾಲಕ್ಕೆ ಕೊಠಡಿಗಳನ್ನು ಬಿಟ್ಟುಕೊಟ್ಟು ತನ್ನ ಎಂಟನೆಯ ಇಯತ್ತೆಯನ್ನು ಗಿಡದ ನೆರಳಿಗೆ ಕಳಿಸಬೇಕೋ ಬೇಡವೋ ಎಂದು ಅರಿಯುವುದು, ಒಂದು ವಿಭಾಗದ ಗಂಟೆ ಇನ್ನೊಂದರ ಪಾಠವನ್ನು ಕೆಡಿಸದಂತೆ ವೇಳಾಪಟ್ಟಿ ಹೊಂದಿಸುವುದು, ಶಾಸಕರು ಅಧ್ಯಕ್ಷರಾಗಿರುವ ಕಾಲೇಜು ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ಪ್ರೌಢಶಾಲೆಯ ಶೌಚಾಲಯದ ವಿಷಯವನ್ನು ಪಿ.ಯು. ಪ್ರಯೋಗಾಲಯದ ವಿಷಯದ ಹಿಂದೆ ಬೀಳಗೊಡದಿರುವುದು, ಇವು ಆಡಳಿತ ಗ್ರಂಥಗಳಲ್ಲಿ ಹೆಸರಿಲ್ಲದ ಗುಣಗಳು.

ನನ್ನ ವಾದವನ್ನು ಪರೀಕ್ಷಿಸಲು ಒಳ್ಳೆಯ ಕ್ಷೇತ್ರ ಕಾಸರಗೋಡು. ಕೇರಳ ಸರ್ಕಾರವು 2019ರಲ್ಲಿ, ಖಾದರ್ ಸಮಿತಿಯ ವರದಿಯನ್ನು ಅನುಸರಿಸಿ, ಹೈಯರ್ ಸೆಕೆಂಡರಿ ಇರುವ ಶಾಲೆಗಳಲ್ಲಿ ಪ್ರಾಚಾರ್ಯನನ್ನು ಇಡೀ ಸಂಸ್ಥೆಯ ಮುಖ್ಯಸ್ಥನನ್ನಾಗಿಯೂ ಪ್ರೌಢಶಾಲೆಯ ಮುಖ್ಯೋಪಾಧ್ಯಾಯನನ್ನು ಉಪಪ್ರಾಚಾರ್ಯನನ್ನಾಗಿಯೂ ಮಾಡಿತು. ಶಿಕ್ಷಕ ಸಂಘಟನೆಗಳಿಂದ ವಿರೋಧವೂ ಬಂದಿತು. ಆ ಜಿಲ್ಲೆಯ ಕನ್ನಡ ಶಾಲೆಗಳೂ ಈ ವ್ಯವಸ್ಥೆಗೆ ಒಳಪಟ್ಟಿವೆ. ಆದರೆ ಅಲ್ಲಿ ಪ್ರಾಚಾರ್ಯ ಹುದ್ದೆಗಳ ಒಂದು ಪಾಲು ಮುಖ್ಯೋಪಾಧ್ಯಾಯರಿಗೆ ಸಲ್ಲುವ ಪದ್ಧತಿ ಉಂಟಾದ್ದರಿಂದ, ನಮ್ಮಲ್ಲಿ ಮುಚ್ಚಿರುವ ಬಾಗಿಲು ಅಲ್ಲಿ ತೆರೆದಿದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಖಾಸಗಿ ಕನ್ನಡ ಪ್ರೌಢಶಾಲೆಗಳಿಗೆ ಅನ್ವಯಿಸುವ ಮಹಾರಾಷ್ಟ್ರದ 1981ರ ಸೇವಾನಿಯಮಗಳಲ್ಲಿಯಾದರೋ ಸಹಾಯಕ ಮುಖ್ಯೋಪಾಧ್ಯಾಯನೂ ಪರ್ಯವೇಕ್ಷಕನೂ ಒಂದೇ ಶಾಲೆಯ ಏಣಿಯ ಮೆಟ್ಟಿಲುಗಳಾಗಿಯೇ ಇದ್ದಾರೆ. ಒಂದೇ ಭಾಷೆಯ ಶಾಲೆಗಳು ಮೂರು ರಾಜ್ಯಗಳಲ್ಲಿ ಮೂರು ಬಗೆಯ ಎರಡನೆಯ ಅಧಿಕಾರಿಗಳನ್ನು ಪಡೆದಿರುವಾಗ, ಅವರ ನಡೆವಳಿಕೆಯಲ್ಲಿ ನಾನು ಊಹಿಸಿದ ಭೇದ ಕಾಣದೆಹೋದರೆ ನನ್ನ ವಾದವನ್ನು ಕೈಬಿಡಬೇಕಾದೀತು. ಆ ತೌಲನಿಕ ಕಾರ್ಯವನ್ನು ಇಲ್ಲಿ ಮಾಡಿಲ್ಲ. 2018ರಿಂದೀಚೆಗೆ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪ್ರಾಥಮಿಕ ವಿಭಾಗವೂ ಅದೇ ಆವರಣಕ್ಕೆ ಸೇರಿ, ಅದರ ಮುಖ್ಯ ಶಿಕ್ಷಕನು ಮೂರನೆಯವನಾಗಿ ಬಂದಿದ್ದಾನೆ. ನಡುವೆ ಸಿಲುಕಿದ ಉಪಪ್ರಾಚಾರ್ಯನು ಈಗ ಆ ಮೂರನೆಯವನಿಗೆ ಮೇಲಧಿಕಾರಿಯೋ ನೆರೆಯವನೋ ಎಂಬುದನ್ನು ಆದೇಶಗಳಿಗಿಂತ ಆಯಾ ಶಾಲೆಯ ಹಾಜರಿ ವಹಿ, ರಜೆ ಅರ್ಜಿಗಳ ಮೇಲಿನ ಸಹಿಗಳನ್ನು ನೋಡಿಯೇ ನಿರ್ಧರಿಸಬೇಕಾಗಿದೆ.