ಬಯಲುಸೀಮೆಯಲ್ಲಿ ಕಡಲಕುದುರೆ: ಬಳ್ಳಾರಿ ಭಾಗದ ಮನೆ ಅಕ್ವೇರಿಯಂ ಮತ್ತು ಆಹಾರದ ಪ್ರಶ್ನೆ

ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಹೊಸಪೇಟೆ ಹಾದು ಬಳ್ಳಾರಿ ಮುಟ್ಟುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 63 ಈ ಸೀಮೆಯನ್ನು ಕಡಲಿಗೆ ಜೋಡಿಸಿದ ದಾರಿ. ಬೇಲೆಕೇರಿ ಬಂದರಿಗೆ ಅದಿರು ಹೋದದ್ದೂ ಇದೇ ದಾರಿಯಲ್ಲಿ. ಅದೇ ದಾರಿಯಲ್ಲಿ, ಟ್ರಾಲ್ ಬಲೆಗೆ ಸಿಕ್ಕ ಕಡಲಕುದುರೆಯೊಂದು ಜೀವಂತವಾಗಿ ಇತ್ತ ಬಂದರೆ ಮನೆಯ ಗಾಜಿನ ತೊಟ್ಟಿಯಲ್ಲಿ ಬಾಳೀತೇ? ಉಪ್ಪು ಸಿಗದು, ಬಿಸಿಲು ತಾಳದು ಎಂಬುದು ಸಾಮಾನ್ಯ ಉತ್ತರ. ಆದರೆ ಕಡಲಕುದುರೆಯನ್ನು ಕೊಲ್ಲುವುದು ಹಸಿವು ಎಂಬುದು ಈ ಲೇಖನದ ವಾದ.

ಕಾನೂನಿನ ಮಾತು ಮೊದಲೇ ಮುಗಿಯಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಕಡಲಕುದುರೆಗಳು 2001ರಲ್ಲಿ ಸೇರಿದವು. ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಆದ್ದರಿಂದ ಮುಂದಿನದೆಲ್ಲ ಜೀವಶಾಸ್ತ್ರದ ಚರ್ಚೆ.

ಉಪ್ಪಿನ ಸಮಸ್ಯೆ ದೊಡ್ಡದಲ್ಲ. ಅಲ್ಲೀಪುರ ಕೆರೆಯ ನಲ್ಲಿ ನೀರಿನ ಕ್ಲೋರಿನ್ ಕಳೆದು, ಲೀಟರಿಗೆ 35 ಗ್ರಾಂನಂತೆ ಕೃತಕ ಕಡಲುಪ್ಪು ಕರಗಿಸಬಹುದು. ನಮ್ಮ ಕರಾವಳಿಯ ಹಿಪೊಕ್ಯಾಂಪಸ್ ಕುಡಾ ಪ್ರಭೇದ ಅಳಿವೆಗಳಲ್ಲೂ ಇರುವುದರಿಂದ ಲವಣಾಂಶದ ಏರಿಳಿತವನ್ನು ಸ್ವಲ್ಪ ತಾಳುತ್ತದೆ. ಬಿಸಿಲಿನ ವಿಚಾರ ವಿಚಿತ್ರ. 40 ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯ ಒಣಗಾಳಿಯಲ್ಲಿ ತೊಟ್ಟಿಯ ಮೇಲೊಂದು ಫ್ಯಾನ್ ಹಾಕಿದರೆ ನೀರು ಆವಿಯಾಗಿ ತಣಿಯುತ್ತದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಈ ಉಪಾಯ ಅಷ್ಟು ಫಲಿಸದು. ಆದರೆ ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. 100 ಲೀಟರಿನಲ್ಲಿ 10 ಲೀಟರ್ ಆರಿದರೆ 35 ಗ್ರಾಂ ಇದ್ದದ್ದು ಸುಮಾರು 39ಕ್ಕೆ ಏರುತ್ತದೆ. ಕೊರತೆ ತುಂಬಲು ಸಿಹಿನೀರನ್ನೇ ಹಾಕಬೇಕು.

ಇನ್ನು ಹೊಟ್ಟೆಯ ಮಾತು. ಕಡಲಕುದುರೆಗೆ ಹಲ್ಲೂ ಇಲ್ಲ, ಜಠರವೂ ಇಲ್ಲ. ನುಂಗಿದ್ದು ನೇರ ಕರುಳಿಗಿಳಿದು ಬೇಗ ಹೊರಬೀಳುವುದರಿಂದ ಹಗಲಿಡೀ ತಿನ್ನುತ್ತಲೇ ಇರಬೇಕು. ಈಜುವುದರಲ್ಲಿ ಮಂದ. ಬಾಲವನ್ನು ಹುಲ್ಲಿನೆಸಳಿಗೆ ಸುತ್ತಿ ನಿಂತು, ಒಂದೊಂದು ಕಣ್ಣನ್ನು ಒಂದೊಂದು ದಿಕ್ಕಿಗೆ ಹೊರಳಿಸುತ್ತ, ಸಿಗಡಿಯ ಮರಿ ಮೂತಿಯ ಹತ್ತಿರ ಬಂದ ಕೂಡಲೇ ತಲೆ ಚಿಮ್ಮಿಸಿ ನೀರಿನೊಡನೆ ಹೀರಿಬಿಡುತ್ತದೆ. ಕಡಲಿನಿಂದ ಬಂದ ಇದಕ್ಕೆ ಚಲಿಸುವುದೇ ಆಹಾರ. ಮಂಜುಗಟ್ಟಿಸಿದ ಸಿಗಡಿಯನ್ನು ಮುಂದಿಟ್ಟರೆ ಸಾಮಾನ್ಯವಾಗಿ ಮೂಸಿಯೂ ನೋಡದು.

ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಜೀವಂತ ಆಹಾರಕ್ಕೆ ಬರವಿಲ್ಲ; ಒಂದು ಚೊಂಬು ನೀರೆತ್ತಿ ಬೆಳಕಿಗೆ ಹಿಡಿದರೆ ಕಿರುಜೀವಿಗಳಾದ ಡಾಫ್ನಿಯಾ, ಕೋಪೆಪಾಡ್‌ಗಳು ಕುಪ್ಪಳಿಸುವುದು ಕಾಣುತ್ತದೆ. ಆದರೆ ಅವು ಸಿಹಿನೀರಿನವು. ಉಪ್ಪುನೀರಿಗೆ ಬಿದ್ದೊಡನೆ ಸತ್ತು ತಳ ಸೇರುತ್ತವೆ, ಕೊಳೆತು ಅಮೋನಿಯಾ ಬಿಡುತ್ತವೆ. ಕಡಲನೀರಿನ ಕ್ಷಾರಗುಣದಲ್ಲಿ, ಬೆಚ್ಚಗಿದ್ದಷ್ಟೂ, ಅಮೋನಿಯಾದ ವಿಷಾಂಶ ಹೆಚ್ಚು. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆ ಬಿಡಿಸುವ ಗಪ್ಪಿ ಮೀನು ಇದಕ್ಕೆ ಅಪವಾದ. ನಿಧಾನವಾಗಿ ಒಗ್ಗಿಸಿದರೆ ಅದು ಕಡಲನೀರಿನಲ್ಲೂ ಬದುಕುತ್ತದೆ. ಅದರ ಮರಿಗಳನ್ನು ಬೆಳೆದ ಕಡಲಕುದುರೆ ನುಂಗಬಲ್ಲದು. ಇಲ್ಲಿನ ನೀರಿನಲ್ಲೇ ಸಿಗುವ ಮೇವು ಇದೊಂದೇ ಎನ್ನಬೇಕು. ಆದರೆ ಸಿಹಿನೀರಿನಲ್ಲಿ ಬೆಳೆದ ಮೀನಿನಲ್ಲಿ ಕಡಲಜೀವಿಗೆ ಬೇಕಾದ ಕೊಬ್ಬಿನಾಮ್ಲಗಳು ಕಡಿಮೆ. ಪೊಟ್ಟಣದಲ್ಲಿ ಸಿಗುವ ಆರ್ಟಿಮಿಯಾ (ಉಪ್ಪುನೀರಿನ ಕಿರುಸಿಗಡಿ) ಮೊಟ್ಟೆ ಇಲ್ಲಿನ ಸೆಕೆಗೆ ಹೀಟರಿಲ್ಲದೆಯೇ ಒಂದು ದಿನದಲ್ಲಿ ಒಡೆಯುತ್ತದಾದರೂ ಅದರ ಮರಿಗೂ ಇದೇ ಕೊರತೆ. ಹೊಟ್ಟೆ ತುಂಬಿದರೂ ಪ್ರಾಣಿ ಸೊರಗುವುದು ಹೀಗೆ.

ಬಂದದ್ದು ಬಸಿರು ಹೊತ್ತ ಗಂಡಾಗಿದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಚೀಲದಲ್ಲಿ ಹೊತ್ತ ಗಂಡು ಒಮ್ಮೆಗೇ ನೂರಾರು ಮರಿ ಹಾಕುತ್ತದೆ. ಅವಕ್ಕೆ ಮೊದಲ ದಿನದಿಂದಲೇ ಕಡಲಿನ ಸೂಕ್ಷ್ಮ ಕೋಪೆಪಾಡ್ ಬೇಕು, ಆ ಕೋಪೆಪಾಡ್‌ಗೆ ಸೂಕ್ಷ್ಮಪಾಚಿ ಬೇಕು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಕುಡಾ ಪ್ರಭೇದವನ್ನು ಬಂಧನದಲ್ಲಿ ಬೆಳೆಸುವ ಪ್ರಯೋಗ ನಡೆಸಿದ್ದು ಕಡಲನ್ನು ಪಕ್ಕದಲ್ಲಿಟ್ಟುಕೊಂಡು.