ಅಂಗಳಕ್ಕೆ ಬೆಳಕು ಬಂದ ದಾರಿ

ಮನೆಯೊಳಗಿನ ದೀಪಕ್ಕೆ, ದೇವರ ಮುಂದಿನ ದೀಪಕ್ಕೆ ಬರೆದಿಟ್ಟ ಚರಿತ್ರೆ ಇದೆ. ನಂದಾದೀಪಕ್ಕೆಂದು ಗಾಣದ ಎಣ್ಣೆ ಬಿಟ್ಟುಕೊಟ್ಟ ದತ್ತಿಗಳು ನಮ್ಮ ಶಾಸನಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅಂಗಳದ ದೀಪವನ್ನು ಹಾಗೆ ಯಾರೂ ಬರೆದಿಡಲಿಲ್ಲ. ಸಾಗರದ ಸುತ್ತಲಿನ ಹಳ್ಳಿಗಳಲ್ಲಿ ಸೋಲಾರ್ ದೀಪ ಹಾಕುತ್ತ, ಕೆಟ್ಟದ್ದನ್ನು ಬಿಚ್ಚಿ ರಿಪೇರಿ ಮಾಡುತ್ತ ಬದುಕಿದವನು ನಾನು. ಮನೆಯೆದುರಿಗೋ ತೋಟದ ದಾರಿಗೋ ದೀಪ ಬೇಕೆಂದು ಬಂದವರು ಮೊದಲು ಕೇಳುವುದು, "ಎಷ್ಟು ವ್ಯಾಟಿಂದು ತಗೊಳ್ಳೋದು ಮಾರಾಯ?" ಎಂದು. ರಾತ್ರಿ ಹೊತ್ತು ಯಾರು ಎಲ್ಲಿಂದ ಎಲ್ಲಿಗೆ ಓಡಾಡುತ್ತೀರಿ, ಅದನ್ನು ಮೊದಲು ಹೇಳಿ ಎನ್ನುತ್ತೇನೆ. ನಮ್ಮ ಹಿರಿಯರು ದೀಪ ಆರಿಸಿಕೊಂಡದ್ದು ಹಾಗೆಯೇ.

ಆಗ ಅಂಗಳದಲ್ಲಿ ನಿಂತ ದೀಪ ಇರಲಿಲ್ಲ, ಕೈಯಲ್ಲಿ ಹಿಡಿದ ದೀಪ ಇತ್ತು. ಒಣಗಿದ ತೆಂಗಿನ ಗರಿ ಕಟ್ಟಿದ ಸೂಡಿಯನ್ನು ಬೀಸುತ್ತ ನಡೆದರೆ ಗದ್ದೆಯ ಅಂಚು, ಸಂಕ ಎಲ್ಲ ಕಾಣುತ್ತಿತ್ತು. ಮನೆ ಮುಟ್ಟಿದ ಕೂಡಲೇ ನೆಲಕ್ಕೆ ಕುಟ್ಟಿ ಆರಿಸುವುದು. ಜಗುಲಿಯ ಬುಡ್ಡಿದೀಪಕ್ಕೆ ಹೊನ್ನೆ ಎಣ್ಣೆ. ಆಮೇಲೆ ಸೀಮೆಎಣ್ಣೆ ಬಂತು, ಜೊತೆಗೆ ಲಾಟೀನು ಬಂತು. ಗಾಜಿನ ಬುರುಡೆ ಇದ್ದದ್ದರಿಂದ ಗಾಳಿಮಳೆಯಲ್ಲೂ ಕೊಟ್ಟಿಗೆಗೆ ಹೋಗಿಬರಬಹುದಾಯಿತು. ಸಂಜೆಯಾದರೆ ಬೂದಿ ಹಾಕಿ ಆ ಬುರುಡೆ ಒರೆಸುವುದು ಮಕ್ಕಳ ಪಾಲಿನ ಕೆಲಸ. ರೇಷನ್ ಕಾರ್ಡಿನ ಸೀಮೆಎಣ್ಣೆಯನ್ನು ತಿಂಗಳಿಡೀ ಹಂಚಿಕೊಂಡು ಉರಿಸಬೇಕಿತ್ತು. ಯಾರೂ ಓಡಾಡದ ಅಂಗಳಕ್ಕೆ ದೀಪ ಇಡುವ ಮಾತೇ ಇರಲಿಲ್ಲ.

ಅಂಗಳ ಪೂರ್ತಿ ಬೆಳಗುತ್ತಿದ್ದದ್ದು ಅಡಿಕೆ ಸುಗ್ಗಿಯಲ್ಲಿ. ಬೇಯಿಸುವ ಮುಂಚೆ ಹಸಿ ಅಡಿಕೆ ಸುಲಿದು ಮುಗಿಯಬೇಕು, ಹಗಲು ಸಾಲುವುದಿಲ್ಲ. ಚಪ್ಪರದ ಕೆಳಗೆ ಮೆಟ್ಟುಗತ್ತಿಗಳ ಸಾಲು, ನಡುವೆ ತೊಲೆಗೆ ನೇತುಹಾಕಿದ ಗ್ಯಾಸ್‌ಲೈಟು. ಮಾರಾಟದ ಹೆಸರು ಪೆಟ್ರೋಮ್ಯಾಕ್ಸ್. ಬರ್ಲಿನ್ನಿನ ಏರಿಖ್ ಅಂಡ್ ಗ್ರೆಟ್ಸ್ ಕಾರ್ಖಾನೆಯವರು 1910ರ ಸುಮಾರಿಗೆ ತಯಾರಿಸಿದ ದೀಪ. ಅದನ್ನು ಹಚ್ಚುವುದೇ ಒಂದು ವಿದ್ಯೆ. ಬುಡದ ತೊಟ್ಟಿಗೆ ಸೀಮೆಎಣ್ಣೆ, ಮೇಲಿನ ಬಟ್ಟಲಿಗೆ ಸ್ಪಿರಿಟ್ಟು. ಸ್ಪಿರಿಟ್ಟು ಉರಿದು ಕೊಳವೆ ಕಾಯುವ ತನಕ ಕಾದು, ಆಮೇಲೆ ಪಂಪು ಹೊಡೆಯಬೇಕು. ಎಣ್ಣೆ ಆವಿಯಾಗಿ ಮೇಲೇರಿ ಮ್ಯಾಂಟಲ್ ಎಂಬ ಬಲೆಚೀಲಕ್ಕೆ ಬೆಂಕಿ ಹಿಡಿದರೆ ಸುಂಯ್ ಎಂದು ಬಿಳಿ ಬೆಳಕು. ಒಮ್ಮೆ ಉರಿದ ಮ್ಯಾಂಟಲ್ ಬರಿಯ ಬೂದಿಯ ಬಲೆ. ಒಂದು ಹುಳು ಬಡಿದರೂ ತೂತು ಬೀಳುತ್ತದೆ. ಆದರೂ ಆ ದೀಪ ನಮ್ಮ ಕಡೆ ಅಷ್ಟು ವರ್ಷ ಬಾಳಿತು. ಮ್ಯಾಂಟಲ್ಲು, ವಾಷರು, ಪಿನ್ನು ಪೇಟೆಯ ಅಂಗಡಿಯಲ್ಲೇ ಸಿಗುತ್ತಿದ್ದವು. ರಿಪೇರಿ ಬಲ್ಲವನೊಬ್ಬ ಊರಿನಲ್ಲೇ ಇರುತ್ತಿದ್ದ.

ಈ ಹೊತ್ತಿಗೆ ನಾಡಿನಲ್ಲಿ ಕರೆಂಟು ಬಂದಾಗಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. ನಮ್ಮ ತಾಲ್ಲೂಕಿನ ಜೋಗದಲ್ಲಿ 1948ರಲ್ಲಿ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಊರುಗಳು, ತೋಟಗಳು, ಹಳೆಯ ಮಡೆನೂರು ಅಣೆಕಟ್ಟು ಸಮೇತ ನೀರಿನಡಿ ಹೋದವು. ನಾಡಿನ ಬೆಳಕಿಗೆ ಮನೆ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳು ಹಿನ್ನೀರಿನ ದಂಡೆಯಲ್ಲಿ, ಕಾಡಿನ ನಡುವೆ, ವರ್ಷಗಟ್ಟಲೆ ಚಿಮಣಿ ದೀಪದಲ್ಲೇ ಬದುಕಿದವು. ಈ ಅನ್ಯಾಯವನ್ನು ಬಿಟ್ಟು ಮಲೆನಾಡಿನ ಬೆಳಕಿನ ಚರಿತ್ರೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಮುಂದೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದು ಬಲ್ಬು ಬಂತು. ಇರುವ ಒಂದನ್ನು ಅಂಗಳಕ್ಕೆ ಹಾಕುವವರು ಯಾರು? ಲೈನು ಬಂದ ಮನೆಗಳಲ್ಲೂ ಮಳೆಗಾಲದಲ್ಲಿ ಮರ ಬಿದ್ದರೆ ದಿನಗಟ್ಟಲೆ ಕರೆಂಟು ಇಲ್ಲ.

ಸೋಲಾರ್ ಬಂದದ್ದು ಈ ಕತ್ತಲೆಯೊಳಕ್ಕೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೂವರು ವಿಜ್ಞಾನಿಗಳು ಸಿಲಿಕಾನ್ ಕೋಶ ಮಾಡಿ ತೋರಿಸಿದ್ದರು. ಬಿದ್ದ ಬಿಸಿಲಿನ ಶೇಕಡಾ 6ರಷ್ಟನ್ನು ಅದು ವಿದ್ಯುತ್ತಾಗಿ ಮಾಡುತ್ತಿತ್ತು. ಕರ್ನಾಟಕದ ಹಳ್ಳಿಮನೆಗಳಿಗೆ ಅದು ವ್ಯಾಪಾರವಾಗಿ ತಲುಪಿದ್ದರಲ್ಲಿ 1995ರಲ್ಲಿ ಹುಟ್ಟಿದ ಸೆಲ್ಕೋ ಸಂಸ್ಥೆಯದು, ಅದರ ಹರೀಶ್ ಹಂದೆಯವರದು ದೊಡ್ಡ ಪಾಲು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬ್ಯಾಂಕಿನ ಸಾಲ, ಕಂತಿನಲ್ಲಿ ವಾಪಸ್ಸು, ಕೆಟ್ಟರೆ ಹತ್ತಿರದಲ್ಲೇ ರಿಪೇರಿಯವನು: ಈ ಮೂರು ಕೂಡಿದ್ದರಿಂದ ಸೋಲಾರ್ ಪ್ಲೇಟುಗಳು ಹಂಚಿನ ಮಾಡು ಹತ್ತಿದವು.

ಆದರೂ ಅಂಗಳದ ಸರದಿ ಬರಲಿಲ್ಲ. ಆಗಿನ ದೀಪ 9 ಅಥವಾ 11 ವ್ಯಾಟಿನ ಸಿಎಫ್‌ಎಲ್. ಭಾರದ ಲೆಡ್ ಆಸಿಡ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಚಾರ್ಜು ಅಡುಗೆಮನೆಗೆ, ಓದುವ ಮಕ್ಕಳಿಗೆ ಮೀಸಲು. ಇದನ್ನು ಬದಲಿಸಿದ್ದು ಎಲ್‌ಇಡಿ. 1990ರ ದಶಕದಲ್ಲಿ ಜಪಾನಿನಲ್ಲಿ ಪ್ರಖರ ನೀಲಿ ಎಲ್‌ಇಡಿ ಸಾಧ್ಯವಾಗಿ, ಅದರಿಂದ ಬಿಳಿ ಬೆಳಕು ಹೊರಟಿತು. ಆ ಕೆಲಸಕ್ಕೆ 2014ರ ನೊಬೆಲ್ ಸಂದಿತು. ಮೊದಲಿನ ಅರ್ಧ ವಿದ್ಯುತ್ತಿನಲ್ಲಿ ಅಷ್ಟೇ ಬೆಳಕು ಸಿಕ್ಕಮೇಲೆ ಪ್ಲೇಟು ಸಣ್ಣದಾಯಿತು, ಬ್ಯಾಟರಿ ಅಂಗೈಗೆ ಇಳಿಯಿತು. ಅಂಗಳದಲ್ಲಿ ದೀಪ ತಾನಾಗಿ ನಿಂತದ್ದು ಆಗಲೇ.

ಈಗ ಅಂಗಡಿಯಲ್ಲಿ ಹತ್ತಾರು ನಮೂನೆ ಇವೆ, ಆರಿಸುವುದೇ ಕಷ್ಟ. ಪೆಟ್ಟಿಗೆಯ ಮೇಲಿನ ವ್ಯಾಟು ನೋಡಿ ಕೊಳ್ಳಬೇಡಿ, ಬ್ಯಾಟರಿ ನೋಡಿ. 3.2 ವೋಲ್ಟ್, 6 ಆಂಪಿಯರ್ ಅವರ್ ಎಂದು ಬರೆದ ಲಿಥಿಯಂ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್ ಅವರ್. 10 ವ್ಯಾಟಿನ ದೀಪವನ್ನು ಪೂರ್ತಿ ಬೆಳಕಿನಲ್ಲಿ ಉರಿಸಿದರೆ ಎರಡು ಗಂಟೆಗೆ ಖಾಲಿ. ಬೆಳಗಿನವರೆಗೆ ದೀಪ ಬೇಕಾದರೆ, ಸಣ್ಣಗೆ ಉರಿಯುತ್ತಿದ್ದು ಮನುಷ್ಯರು ಬಂದಾಗ ಮಾತ್ರ ದೊಡ್ಡದಾಗುವ ಸೆನ್ಸರ್ ದೀಪ ಒಳ್ಳೆಯದು. ಬಚ್ಚಲ ದಾರಿಗೆ, ಕೊಟ್ಟಿಗೆಗೆ ಅದೇ ಸರಿ.

ಇನ್ನೊಂದು ಮಾತು. ನಮಗೆ ದೀಪ ಬೇಕಾದದ್ದು ಮರದ ಕೆಳಗೆ, ಮಾಡಿನ ಅಂಚಿನಲ್ಲಿ. ಪ್ಲೇಟಿಗೆ ಬೇಕಾದದ್ದು ಬಿಸಿಲು. ತಲೆಯ ಮೇಲೇ ಪ್ಲೇಟು ಹೊತ್ತ ಗಾರ್ಡನ್ ಲೈಟು ಅಡಿಕೆ ತೋಟದ ನೆರಳಿನಲ್ಲಿ ಒಂದು ಮಳೆಗಾಲವೂ ಬಾಳುವುದಿಲ್ಲ. ಪ್ಲೇಟಿನ ಒಂದು ಮೂಲೆಗೆ ಸೋಗೆಯ ನೆರಳು ಬಿದ್ದರೂ ಸಾಲಾಗಿ ಜೋಡಿಸಿದ ಕೋಶಗಳ ಕರೆಂಟು ಕುಗ್ಗುತ್ತದೆ. ಹಾಗಾಗಿ ಪ್ಲೇಟು ಬೇರೆ, ದೀಪ ಬೇರೆ ಇದ್ದು ನಡುವೆ ತಂತಿ ಇರುವುದನ್ನೇ ತಗೊಳ್ಳಿ. ಪ್ಲೇಟನ್ನು ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿಯಷ್ಟು ಓರೆಯಾಗಿ ಕೂರಿಸಿ. ಮಳೆಗೆ ಧೂಳು ತಾನೇ ತೊಳೆದುಹೋಗುತ್ತದೆ. ದಟ್ಟ ಮೋಡದ ದಿನ ಚಾರ್ಜು ಕಾಲುಭಾಗಕ್ಕೂ ಇಳಿಯುವುದುಂಟು, ಆದ್ದರಿಂದ ಪ್ಲೇಟು ಒಂದು ಅಳತೆ ದೊಡ್ಡದೇ ಇರಲಿ. ಮಳೆನೀರು ಒಳಗಿಳಿಯದೆಂದು ಹೇಳುವ ಐಪಿ 65 ಎಂಬ ಗುರುತು ದೀಪದ ಮೇಲಿರಲಿ. ನನ್ನ ಬಳಿ ಬರುವ ಕೆಟ್ಟ ದೀಪ ಬಿಚ್ಚಿದರೆ ಹೆಚ್ಚಾಗಿ ಕಾಣುವುದು ಒಂದೇ: ರಬ್ಬರ್ ವಾಷರಿನ ಸಂದಿಯಿಂದ ಇಳಿದ ನೀರು, ಹಸಿರು ಹಿಡಿದ ತಾಮ್ರ, ಊದಿಕೊಂಡ ಬ್ಯಾಟರಿ. ಎಲ್‌ಇಡಿ ಮಾತ್ರ ಹೊಸದರಂತೆಯೇ ಇರುತ್ತದೆ.

ಬೆಳಕು ಹಳದಿ ಇರಲಿ, 3000 ಕೆಲ್ವಿನ್ನಿನ ಒಳಗೆ, ನೆಲಕ್ಕೆ ಬೀಳುವಂತಿರಲಿ. ಬಿಳಿ ಬೆಳಕಿಗೆ ಹುಳು ಹೆಚ್ಚು ಮುತ್ತುತ್ತವೆ. ಮುಂಗಾರಿಗೆ ಮುಂಚೆ ಮಿಂಚುಹುಳಗಳು ಜೋಡಿ ಹುಡುಕುವುದು ತಮ್ಮ ಮಿನುಗಿನಿಂದ, ಮರಗಳ ಮೇಲೆ ದೀಪ ಹೊಡೆದರೆ ಅವುಗಳ ಗುರುತು ಅಳಿಸಿದಂತೆ. ತೋಟದ ಕಡೆಯ ದೀಪವನ್ನು ಆ ದಿನಗಳಲ್ಲಿ ಆರಿಸಿಡಿ ಎಂದು ಕೈಮುಗಿದು ಕೇಳುತ್ತೇನೆ.

ಕೊನೆಗೆ, ಅಂಗಡಿಯಲ್ಲಿ ಒಂದು ಸ್ಕ್ರೂಡ್ರೈವರ್ ಕೇಳಿ. ಬ್ಯಾಟರಿಯ ಮುಚ್ಚಳ ತೆಗೆಯಲು ಬರುತ್ತದೆಯೇ, ಅದೇ ಅಳತೆಯ ಬ್ಯಾಟರಿ ನಮ್ಮ ಪೇಟೆಯಲ್ಲಿ ಬಿಡಿಯಾಗಿ ಸಿಗುತ್ತದೆಯೇ, ನೋಡಿ. ಅಂಟು ಹಾಕಿ ಮುಚ್ಚಿದ ದೀಪ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಬುರುಡೆ ಬದಲಿಸಬಹುದಾದ ಲಾಟೀನು ಬಾಳಿತು, ಮ್ಯಾಂಟಲ್ ಬದಲಿಸಬಹುದಾದ ಗ್ಯಾಸ್‌ಲೈಟು ಬಾಳಿತು. ಸೋಲಾರ್ ದೀಪ ನಮ್ಮ ಅಂಗಳದಲ್ಲಿ ಬಾಳಬೇಕಾದರೆ ಅದನ್ನೂ ಊರಿನವರೇ ಬಿಚ್ಚಿ, ಸರಿಮಾಡಿ, ಮತ್ತೆ ಕೂರಿಸುವಂತಿರಬೇಕು.