ಹಲಸೂರಿನ ವಳ್ಳುವರ್, ಅಯನಾವರದ ಸರ್ವಜ್ಞ

ಬೆಂಗಳೂರಿನ ಹಲಸೂರು ಕೆರೆಯ ಬಳಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆಯಿದೆ. ಚೆನ್ನೈನ ಅಯನಾವರದ ಜೀವಾ ಉದ್ಯಾನದಲ್ಲಿ ತ್ರಿಪದಿಕವಿ ಸರ್ವಜ್ಞನ ಪ್ರತಿಮೆಯಿದೆ. ಇವೆರಡೂ ಅನಾವರಣಗೊಂಡದ್ದು 2009ರ ಆಗಸ್ಟ್‌ನಲ್ಲಿ, ನಾಲ್ಕು ದಿನಗಳ ಅಂತರದಲ್ಲಿ. ಆದರೆ ವಳ್ಳುವರ್ ಪ್ರತಿಮೆ ಅದಕ್ಕೂ ಮುನ್ನ ಹದಿನೆಂಟು ವರ್ಷ ಮುಸುಕಿನಲ್ಲೇ ನಿಂತಿತ್ತು.

ಹಲಸೂರಿಗೆ ತಮಿಳಿನ ನಂಟು ಹಳೆಯದು. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದು ಇಲ್ಲಿ ದಂಡು ಕಟ್ಟಿದರು. ಮದ್ರಾಸ್ ಪಡೆಯ ಸಿಪಾಯಿಗಳ ಹಿಂದೆಯೇ ಗಾರೆ ಕೆಲಸದವರು, ಗುತ್ತಿಗೆದಾರರು, ವ್ಯಾಪಾರಿಗಳು ಬಂದು ನೆಲೆಸಿದರು. ಪೇಟೆಯಲ್ಲಿ ಮೈಸೂರು ಸಂಸ್ಥಾನದ ಆಡಳಿತ, ದಂಡಿನಲ್ಲಿ ಬ್ರಿಟಿಷರ ಆಡಳಿತ. ಎರಡೂ ಒಂದೇ ಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ. ಅಷ್ಟು ಹೊತ್ತಿಗೆ ಈ ಕುಟುಂಬಗಳು ಹಲವು ತಲೆಮಾರುಗಳಿಂದ ಬೆಂಗಳೂರಿನವೇ ಆಗಿದ್ದವು. ಅವರನ್ನು ಹೊರಗಿನವರೆಂದು ಕರೆಯುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ.

ಬೆಂಗಳೂರು ತಮಿಳ್ ಸಂಗಮ್‌ನ ಪ್ರಯತ್ನದಿಂದ ಪ್ರತಿಮೆ ಸ್ಥಾಪನೆಯಾದದ್ದು 1991ರಲ್ಲಿ. ಕಾಲ ಅದಕ್ಕೆ ಅನುಕೂಲವಾಗಿರಲಿಲ್ಲ. ಆ ವರ್ಷ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ಅಡಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ನೀಡಿತು. ಡಿಸೆಂಬರ್‌ನಲ್ಲಿ ಅದು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿ ಗಲಭೆ ಎದ್ದಿತು. ಕನ್ನಡ ಸಂಘಟನೆಗಳ ವಿರೋಧದಿಂದ ಅನಾವರಣ ನಿಂತುಹೋಯಿತು. 2000ದಲ್ಲಿ ವರನಟ ರಾಜ್‌ಕುಮಾರ್ ಅವರನ್ನು 108 ದಿನ ಒತ್ತೆಯಲ್ಲಿಟ್ಟುಕೊಂಡ ಕಾಡುಗಳ್ಳ ವೀರಪ್ಪನ್‌ನ ಬೇಡಿಕೆಗಳ ಪಟ್ಟಿಯಲ್ಲಿ ಈ ಪ್ರತಿಮೆಯ ಅನಾವರಣವೂ ಸೇರಿತ್ತು. ನೀತಿಯನ್ನು ಸಾರಿದ ಕವಿಗೆ ಅಪಹರಣಕಾರನ ಬೆಂಬಲಕ್ಕಿಂತ ದೊಡ್ಡ ಅಪಚಾರ ಬೇರೆ ಇರಲಾರದು.

ಬಿಕ್ಕಟ್ಟು ಬಿಡಿಸಿದ್ದು ಕೊಡುಕೊಳ್ಳುವ ಸೂತ್ರ: ಇಲ್ಲಿ ವಳ್ಳುವರ್, ಅಲ್ಲಿ ಸರ್ವಜ್ಞ. ಜೋಡಿ ಹೊಂದಿಕೊಂಡದ್ದೂ ಸಹಜವೇ. ತಿರುಕ್ಕುರಳ್‌ನಲ್ಲಿ 133 ಅಧಿಕಾರಗಳು, ಎರಡೆರಡು ಸಾಲಿನ 1,330 ಕುರಳ್‌ಗಳು; ಸರ್ವಜ್ಞನದು ಮೂರು ಸಾಲಿನ ತ್ರಿಪದಿ. ಇಬ್ಬರ ನುಡಿಯೂ ಜನರ ಬಾಯಲ್ಲಿ ಗಾದೆಯಂತೆ ಓಡಾಡುತ್ತದೆ. ಇಬ್ಬರ ರೂಪವೂ ಯಾರಿಗೂ ತಿಳಿದಿಲ್ಲ. ತಲೆಯ ಮೇಲೆ ಜಟೆ, ಇಳಿಬಿದ್ದ ಗಡ್ಡ, ಒಂದು ಕೈಯಲ್ಲಿ ಓಲೆಗರಿ, ಇನ್ನೊಂದರಲ್ಲಿ ಬರೆಯುವ ಕಂಟ ಹಿಡಿದ ವಳ್ಳುವರ್ ಇಂದು ಎಲ್ಲರಿಗೂ ಪರಿಚಿತ. ಆ ರೂಪ ಇಪ್ಪತ್ತನೆಯ ಶತಮಾನದ ಚಿತ್ರಕಾರ ವೇಣುಗೋಪಾಲ ಶರ್ಮಾ ಅವರ ಚಿತ್ರದಿಂದ ನೆಲೆಗೊಂಡದ್ದು.

ಇಬ್ಬರ ಕೃತಿಗಳಿಗೂ ಕ್ರೈಸ್ತ ಧರ್ಮಬೋಧಕರು ದುಡಿದಿದ್ದಾರೆಂಬುದು ನೆನೆಯಬೇಕಾದ ಸಂಗತಿ. ಕುರಳ್ ಅನ್ನು ಇಂಗ್ಲಿಷಿಗೆ ತಂದು 1886ರಲ್ಲಿ ಪ್ರಕಟಿಸಿದ ಜಿ.ಯು. ಪೋಪ್ ಅದಕ್ಕೂ ಮೊದಲು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾಗಿದ್ದರು. ಸರ್ವಜ್ಞನ ವಚನಗಳನ್ನು ಊರೂರು ಸುತ್ತಿ ಕಲೆಹಾಕಿ 1924ರಲ್ಲಿ ಅಚ್ಚು ಹಾಕಿಸಿದವರು ಉತ್ತಂಗಿ ಚನ್ನಪ್ಪನವರು.

2009ರಲ್ಲೂ ವಿರೋಧ ತಣ್ಣಗಾಗಿರಲಿಲ್ಲ. ಕಾವೇರಿ, ಹೊಗೇನಕಲ್ ಯೋಜನೆ, ಕನ್ನಡದ ಶಾಸ್ತ್ರೀಯ ಸ್ಥಾನಮಾನವನ್ನು ಪ್ರಶ್ನಿಸಿ ಮದ್ರಾಸ್ ಹೈಕೋರ್ಟ್‌ನಲ್ಲಿದ್ದ ಅರ್ಜಿ, ಇವೆಲ್ಲ ಇತ್ಯರ್ಥವಾಗದೆ ಪ್ರತಿಮೆಯ ಮಾತೇಕೆ ಎಂಬುದು ವಿರೋಧಿಗಳ ವಾದ. ಬಿಗಿ ಬಂದೋಬಸ್ತಿನ ನಡುವೆ ಆಗಸ್ಟ್ 9ರಂದು ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಬೆಂಗಳೂರಿನಲ್ಲಿ ವಳ್ಳುವರ್ ಪ್ರತಿಮೆಯನ್ನು ಅನಾವರಣಗೊಳಿಸಿದರು. ಆಗಸ್ಟ್ 13ರಂದು ಕರ್ನಾಟಕದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯನ್ನು ಅನಾವರಣಗೊಳಿಸಿದರು.

ಇದರಿಂದ ನದಿಯ ಜಗಳ ಮುಗಿಯಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಹೊತ್ತಿ ಉರಿದವು. ನೀರಿನ ಪಾಲನ್ನು ತೀರ್ಮಾನಿಸಿದ್ದು 2018ರ ಫೆಬ್ರುವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ನೀರಿನ ಲೆಕ್ಕ ಪ್ರತಿಮೆಗಳ ಕೆಲಸವಾಗಿರಲಿಲ್ಲ. ನೆರೆಯವರ ಕವಿಗೆ ತಮ್ಮ ಊರಿನ ನಡುವೆ ಜಾಗ ಕೊಡುವ ಕೆಲಸವನ್ನು ಎರಡು ನಗರಗಳೂ ಮಾಡಿವೆ.